ರನ್‌ವೇಗೆ ಚರಗ ಚೆಲ್ಲಿದ್ದು

ತೊಂಬತ್ತರ ದಶಕದ ನಡುವಿನಲ್ಲಿ, ವೈಟ್‌ಫೀಲ್ಡ್ ಆಚೆಗಿನ ನಮ್ಮೂರ ಪಕ್ಕದ ವಿಮಾನ ನಿಲ್ದಾಣವನ್ನು ಮಿಲಿಟರಿಯವರು ಬಿಟ್ಟು ಹೋದರು. ಲಾರಿಗಳಿಗೆ ಸಾಮಾನು ಹೇರಿಕೊಂಡು, ಗೇಟಿಗೆ ಬೀಗ ಜಡಿದು, ಟಾಟಾ ಮಾಡಿ ಹೋದರು. ಊರಿಗೆ ಅದು ತಮಾಷೆ, ನಮಗೆ ಮಾತ್ರ ಸಿಡಿಲು. ಆ ಗೇಟಿನೆದುರಿಗೇ ಅವ್ವನ ಹೋಟೆಲ್ ಇತ್ತು. ಅಪ್ಪ ತೀರಿಕೊಂಡ ಮೇಲೆ ನನ್ನ ಕಾಲೇಜನ್ನೂ ಮನೆಯನ್ನೂ ನಡೆಸಿದ್ದು ಆ ಜವಾನರ ಹಸಿವು. ಮಿಲ್ಟ್ರಿ ಹೋಟೆಲ್ ಅಂದಕೂಡಲೇ ಕೋಳಿ ಸಾರು ನೆನೆಸಿಕೊಳ್ಳಬೇಡಿ. ನಮ್ಮದು ಹಣೆತುಂಬ ವಿಭೂತಿ ಹಚ್ಚಿಕೊಂಡ ವಿಜಾಪುರದ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಿದ್ದ ಹೋಟೆಲ್.

ಖಾಲಿ ಬಿದ್ದ ಜಾಗವನ್ನು ಮುಂದೇನು ಮಾಡಬೇಕೆಂದು ನಿರ್ಧರಿಸಲು ಒಂದು ಸಮಿತಿ ಆಯಿತು. ಅವರು ಶಾಲೆಯಲ್ಲಿ ಸಭೆ ಕರೆದು, ಚಿಕ್ಕ ವಿಮಾನಗಳ ಏರ್‌ಪೋರ್ಟ್ ಬೇಕೋ, ಕಾರ್ಖಾನೆಯ ಶೆಡ್ಡುಗಳು ಬೇಕೋ ಎಂದು ಕೇಳಿದರು. ವಿಮಾನ ಅಂದದ್ದೇ ತಡ, ಊರಿಗೆ ಊರೇ ಹುಚ್ಚೆದ್ದಿತು. ಪಕ್ಕದ ಹೊಲದಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ ಗೌಡರು ಎದ್ದು ನಿಂತರು. “ಏರ್‌ಪೋರ್ಟೇ ಆಗ್ಲಿ ಸಾರ್. ಇಂಗ್ ಮನೆಯಿಂದ ಒಂಟ್ರೆ ಅಂಗೇ ಡೆಲ್ಲಿಗೆ ಓಗ್ಬರ್ಬೋದು” ಅಂದರು. ಅವರು ಅಲ್ಲಿಯವರೆಗೆ ಮೈಸೂರನ್ನೂ ನೋಡಿದವರಲ್ಲ. ಅವ್ವನೂ ಏರ್‌ಪೋರ್ಟಿಗೇ ಕೈ ಎತ್ತಿದಳು. ವಿಮಾನ ಬಂದರೆ ಜನ, ಜನ ಬಂದರೆ ಊಟ ಅನ್ನುವುದು ಅವಳ ಲೆಕ್ಕ.

ಕೊನೆಗೆ ಸಮಿತಿಯವರು ಒಂದು ಪುಟ್ಟ ವಿಮಾನದಲ್ಲಿ ತಾವೇ ಬಂದು ಇಳಿದು ನೋಡುತ್ತೇವೆಂದರು. ವಿಮಾನ ಇಳಿಯಿತೋ, ಏರ್‌ಪೋರ್ಟ್ ಆದಂತೆಯೇ ಅಂತ ನಾವೆಲ್ಲ ನಂಬಿಕೊಂಡೆವು.

ಅವರು ಬರುವ ಹಿಂದಿನ ದಿನ ಅವ್ವನಿಗೆ ತವರು ನೆನಪಾಯಿತು. ಅವಳ ಕಡೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ನಡುವೆ ಚೆಲ್ಲುತ್ತಾರೆ. ಭೂಮಿತಾಯಿಗೆ ಉಣಿಸುವ ಆ ಶಾಸ್ತ್ರವೇ ಚರಗ.

“ಇಷ್ಟು ವರ್ಷ ಆ ನೆಲ ನಮಗ ಅನ್ನ ಹಾಕೇತಿ. ಅದಕ್ಕ ಒಂದ್ ತುತ್ತು ಹಾಕಿದವರು ಯಾರು?” ಅಂದಳು.

“ರನ್‌ವೇ ಏನು ಹೊಲಾನಾ ಅವ್ವಾ? ಅದು ಟಾರು” ಎಂದು ರೇಗಿದೆ.

“ಟಾರಿನ ಕೆಳಗ ಏನೈತಿ?”

ನಾನು ಸಿಟ್ಟಿನಲ್ಲಿ ಎದ್ದು ಹೊರಗೆ ಹೋದೆ.

ಗೌಡರು ಚರಗದ ಹೆಸರನ್ನೇ ಕೇಳಿರಲಿಲ್ಲ. ಆದರೆ ಊಟ ಇದೆ ಎಂದು ಗೊತ್ತಾಗಿದ್ದರಿಂದ ಮರುದಿನ ಬೆಳಿಗ್ಗೆಯೇ ಕಾವಲುಗಾರನನ್ನು ಎಬ್ಬಿಸಿ ಬೀಗ ತೆಗೆಸಿದರು. ಅವ್ವ ಬರಿಗಾಲಲ್ಲಿ ರನ್‌ವೇ ಉದ್ದಕ್ಕೂ ಕಡುಬು, ರೊಟ್ಟಿ, ಮೊಸರನ್ನ ಚೆಲ್ಲುತ್ತ, “ಹುಲ್ಲುಲ್ಲಿಗೋ” ಎಂದು ಚರಗದ ಕೂಗು ಹಾಕುತ್ತ ನಡೆದಳು. ಅಷ್ಟು ವರ್ಷ ಗೇಟಿನಾಚೆಯೇ ನಿಂತವಳು ಅಂದು ಮೊದಲ ಸಲ ಒಳಗೆ ಕಾಲಿಟ್ಟಿದ್ದಳು. ಅವಳ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾನೂ ಗಂಟಲು ಹರಿಯುವಂತೆ ಕೂಗಿದೆ.

ವಿಮಾನ ಕಾಣಿಸಿಕೊಂಡಾಗ ನಾವು ಬೇಲಿಯ ಹೊರಗಿದ್ದೆವು. ರನ್‌ವೇ ಮೇಲೆ ಕಾಗೆ, ಹದ್ದು, ಗೊರವಂಕಗಳ ಬೀಗರೂಟ ನಡೆದಿತ್ತು. ವಿಮಾನ ಕೆಳಗೆ ಬರುತ್ತಲೇ ಅಷ್ಟೂ ಹಕ್ಕಿಗಳು ಒಮ್ಮೆಗೇ ಎದ್ದವು. ಅದು ಗಕ್ಕನೆ ಮೂತಿ ಎತ್ತಿ, ಊರ ಮೇಲೆ ಸುತ್ತು ಹೊಡೆದು ಮತ್ತೆ ಬಂತು. ಹಕ್ಕಿಗಳೂ ಮತ್ತೆ ಬಂದವು. ಗೌಡರು ಟವೆಲ್ ಬೀಸುತ್ತ ಒಳಗೆ ಓಡಿದರು. ಅವರನ್ನು ನೋಡಿ ಪೈಲಟ್ ಇನ್ನಷ್ಟು ಹೆದರಿರಬೇಕು. ಇನ್ನೊಂದು ದೊಡ್ಡ ಸುತ್ತು ಹಾಕಿದ ವಿಮಾನ ನಗರದ ಏರ್‌ಪೋರ್ಟಿನ ಕಡೆ ಹೊರಟೇಹೋಯಿತು.

“ನನ್ನ ಅನ್ನಕ್ಕ ನಾನ ಮಣ್ಣು ಹಾಕ್ಕೊಂಡೆ” ಎಂದು ಅವ್ವ ಒಲೆಯ ಮುಂದೆ ಕುಸಿದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದೇ ಕಡಿಮೆ. ಪಕ್ಕದಲ್ಲೇ ಪಾತ್ರೆ ತಿಕ್ಕುತ್ತ ಕೂತೆ.

ಮಧ್ಯಾಹ್ನ ಸಮಿತಿಯವರು ವ್ಯಾನಿನಲ್ಲಿ ಬಂದರು. ಹೊಟ್ಟೆ ಹಸಿದಿತ್ತು, ಊಟಕ್ಕೆ ಬೇರೆ ಜಾಗವಿರಲಿಲ್ಲ. ಅವ್ವ ಮುಖ ತೊಳೆದು ಬಡಿಸಲು ನಿಂತಳು. ದೊಡ್ಡ ಅಧಿಕಾರಿ, “ರನ್‌ವೇ ಮೇಲೆ ಅನ್ನ ಹಾಕಿದ್ದು ಯಾರು?” ಎಂದು ಕೇಳಿದರು. ಗೌಡರು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳತೊಡಗಿದರು.

“ನಾನರೀ ಸಾಹೇಬ್ರ” ಎಂದು ಅವ್ವ ಎಲ್ಲವನ್ನೂ ಹೇಳಿದಳು. ಅವರು ನಕ್ಕ ರಭಸಕ್ಕೆ ನೆತ್ತಿಗೇರಿತು. ನೀರು ಕುಡಿದು, “ಒಳ್ಳೇದೇ ಮಾಡಿದ್ರಿ ಬಿಡಿ. ಸುತ್ತು ಹೊಡೀವಾಗ ಮೇಲಿಂದ ಎಲ್ಲ ಸರಿಯಾಗಿ ಕಾಣಿಸ್ತು. ಸುತ್ತ ಬರೀ ಮನೆ, ಕರೆಂಟ್ ಟವರು. ಹಕ್ಕಿ ಇಲ್ದಿದ್ರೂ ಇಲ್ಲಿ ಏರ್‌ಪೋರ್ಟ್ ಆಗಲ್ಲಮ್ಮ. ಶೆಡ್ಡುಗಳೇ ಸರಿ” ಎಂದರು.

“ಶೆಡ್ಡಿಗೆ ಮಂದಿ ಬರ್ತಾರೇನ್ರೀ?”

“ಸಾವಿರಾರು ಜನ. ಮೂರು ಶಿಫ್ಟು.”

ಅವ್ವನ ಮುಖ ಅರಳಿತು. “ಅಯ್ಯ, ಮೊದಲ ಹೇಳಬಾರದೇನ್ರೀ! ವಿಮಾನದ ಮಂದಿ ಇಳಿದ ಕೂಡಲೇ ಕಾರ್ ಹತ್ತತಾರ. ಶೆಡ್ಡಿನ ಮಂದಿ ದಿನಾ ಉಣ್ತಾರ.” ಮರುಕ್ಷಣವೇ ದನಿ ತಗ್ಗಿಸಿ ಕೇಳಿದಳು, “ಗೇಟು ಎಲ್ಲಿ ಇಡ್ತೀರಿ?”

ಅಧಿಕಾರಿ ಎಡಗೈಯಲ್ಲೇ ನಕ್ಷೆ ಬಿಚ್ಚಿದರು. ಗೇಟು ಆಚೆ ದಿಕ್ಕಿನಲ್ಲಿತ್ತು, ಹೊಸ ರಸ್ತೆಯ ಕಡೆಗೆ. ಅವ್ವ ಅಂಗಲಾಚಲಿಲ್ಲ. ಅವರ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಎಣ್ಣೆಗಾಯಿ ಬಡಿಸಿದಳು. ಅವರು ಒಂದು ತುತ್ತು ತಿಂದು ಬಾಗಿಲಾಚೆಯ ಹಳೆ ಗೇಟನ್ನು ನೋಡಿದರು.

“ರಸ್ತೆ ಇದೆ, ನೀರಿನ ಪೈಪ್ ಇದೆ. ಇರೋ ಗೇಟನ್ನ ಯಾಕೆ ಮುಚ್ಚಬೇಕು?” ಎನ್ನುತ್ತ ಪಕ್ಕದವರಿಂದ ಪೆನ್ಸಿಲ್ ಕೇಳಿ ಪಡೆದರು.

ಪೆನ್ಸಿಲ್ಲು ನಕ್ಷೆಯ ಮೇಲೆ ಸರಿದು ನಮ್ಮ ಹೋಟೆಲಿನೆದುರಿಗೆ ಬಂದು ನಿಲ್ಲುವ ತನಕ ಅವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಡಲಿಲ್ಲ.