ರಜೆಯ ವಾರದ ಗೆಲುವು

ನನ್ನ ಗಂಡ ತ್ರಿವಿಕ್ರಮ ಭವಿಷ್ಯ ಹೇಳುವವರು. ಗಿಳಿ ಪಂಜರ ಇಟ್ಟುಕೊಂಡು ಕೂತವರಲ್ಲ. ಅಮೆರಿಕದ ಫುಟ್‌ಬಾಲ್ ತಂಡವೊಂದು ಬರುವ ಸೀಸನ್‌ನಲ್ಲಿ ಯಾವ ವಾರ ಗೆಲ್ಲುತ್ತದೆ, ಯಾವ ವಾರ ಸೋಲುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಬರೆಯುವುದು ಅವರ ಕೆಲಸ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಎದೆಗವುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಆ ಆಟ. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದು, ಮಲೇಷ್ಯಾದ ನಿಲಾಯ್‌ನಲ್ಲಿ ಹನ್ನೆರಡನೇ ಮಹಡಿಯಲ್ಲಿ ಕೂತು, ಒಮ್ಮೆಯೂ ಕಾಲಿಡದ ಊರಿನ ತಂಡಕ್ಕೆ ಜಾತಕ ಬರೆಯುತ್ತಾರೆ. ಕೌಲಾಲಂಪುರದ ಸಣ್ಣ ಕಂಪನಿಯೊಂದು ಅಮೆರಿಕದ ವೆಬ್‌ಸೈಟುಗಳಿಗೆ ಇಂಥದ್ದನ್ನೆಲ್ಲ ಬರೆಸಿ ಕೊಡುತ್ತದೆ. ಇವರ ಪಾಲಿಗೆ ಬಂದದ್ದು ಉತ್ತರದ ಚಳಿ ಊರಿನ ಒಂದು ಬಡಪಾಯಿ ತಂಡ.

ಇವರಷ್ಟು ಅಳೆದು ತೂಗಿ ಮಾತಾಡುವವರನ್ನು ನಾನು ಬೇರೆ ಕಂಡಿಲ್ಲ. ಹೆಣ್ಣು ನೋಡಿ ಹೋದ ಮೇಲೆ, ಹುಡುಗಿ ಒಪ್ಪಿಗೆಯೇನಪ್ಪಾ ಎಂದು ಮನೆಯಲ್ಲಿ ಕೇಳಿದ್ದಕ್ಕೆ ‘ಎಪ್ಪತ್ತು ಪರ್ಸೆಂಟ್’ ಎಂದರಂತೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆರು ವರ್ಷ ಬರೆದರೂ ತಮ್ಮ ತಂಡಕ್ಕೆ ಒಂದು ವರ್ಷವೂ ಒಂಬತ್ತಕ್ಕಿಂತ ಹೆಚ್ಚು ಗೆಲುವು ಕೊಟ್ಟವರಲ್ಲ. ಅಲ್ಲಿನ ಅಭಿಮಾನಿಗಳು ಬಾಯಿಗೆ ಬಂದ ಹಾಗೆ ಬೈದು ಬರೆಯುತ್ತಿದ್ದರು. ಇವರು ಓದಿ, ಕಾಫಿ ಕುಡಿದು, ಸುಮ್ಮನಾಗುತ್ತಿದ್ದರು. ಬರೆದದ್ದನ್ನು ಕಳಿಸುವ ಮುಂಚೆ ತಪ್ಪು ತಿದ್ದುವವಳು ನಾನು, ಹಾಗಾಗಿ ಆ ಆಟದ ಕ್ರಮ ನನಗೂ ಬಾಯಿಪಾಠ. ನಾನು ಹೇಳಹೊರಟ ವರ್ಷದಿಂದ ಹದಿನೆಂಟು ವಾರ, ಹದಿನೇಳು ಪಂದ್ಯ. ಮಧ್ಯೆ ಒಂದು ವಾರ ತಂಡಕ್ಕೆ ರಜೆ.

ಆ ವರ್ಷ ಎಂದರೆ ಎರಡು ಸಾವಿರದ ಇಪ್ಪತ್ತೊಂದು. ಆಗಸ್ಟ್ ತಿಂಗಳಲ್ಲಿ ಇಲ್ಲಿ ದಿನಕ್ಕೆ ಇಪ್ಪತ್ತು ಸಾವಿರ ಜನಕ್ಕೆ ಕೋವಿಡ್. ನಮ್ಮ ಮೇಲಿನ ಮಹಡಿಯ ರಮಾನಂದ, ಮಂಗಳೂರಿನವರು, ವಿಮಾನ ನಿಲ್ದಾಣದಲ್ಲಿ ಎಂಜಿನಿಯರ್, ತಾವೇ ಲಿಫ್ಟಿನಲ್ಲಿ ಇಳಿದು, ನಡೆದುಕೊಂಡು ಹೋಗಿ ಆಂಬ್ಯುಲೆನ್ಸ್ ಹತ್ತಿದರು. ಇವರಿಗೆ ಕೈ ಬೀಸಿದರು ಕೂಡ. ಒಂಬತ್ತನೇ ದಿನ ಅವರ ಹೆಂಡತಿಗೆ ಆಸ್ಪತ್ರೆಯಿಂದ ಫೋನ್ ಬಂತು, ಅಷ್ಟೇ. ಮುಖ ಕೂಡ ನೋಡಲು ಬಿಡಲಿಲ್ಲ. ಅವತ್ತಿನಿಂದ ಸೈರನ್ ಕೇಳಿದರೆ ಸಾಕು, ಇವರು ಕಿಟಕಿ ಹಾಕುತ್ತಿದ್ದರು. ‘ಏನೇ ಆದ್ರೂ ನನ್ನ ಆಸ್ಪತ್ರೆಗೆ ಕಳಿಸಬೇಡ ಉಷಾ’ ಎಂದು ಎರಡು ಸಲ ಹೇಳಿದರು.

ಮುಂದಿನ ವಾರವೇ ಇವರಿಗೂ ಬಂತು. ಕೋವಿಡ್ ಕೇಂದ್ರದವರು ಸೋಂಕಿತರ ಗುರುತಿನ ಗುಲಾಬಿ ಪಟ್ಟಿಯನ್ನು ಕೈಗೆ ಕಟ್ಟಿ, ಮನೆಯಲ್ಲೇ ಇರಿ, ಉಸಿರಿನ ಮೇಲೆ ಕಣ್ಣಿಡಿ ಎಂದು ಕಳಿಸಿದರು. ಆಫೀಸ್ ರೂಮಿಗೆ ಇವರನ್ನು ತಳ್ಳಿ ಬಾಗಿಲು ಹಾಕಿದೆ. ಹೊರಗೆ ನಾನು ಮತ್ತು ಒಂಬತ್ತು ವರ್ಷದ ಮಗಳು ಗಾನವಿ. ಬಾಗಿಲ ಮುಂದಿನ ಸ್ಟೂಲಿನ ಮೇಲೆ ಗಂಜಿ, ಸಾರು ಇಟ್ಟು ಬಡಿದು ಓಡಿಬರುವುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಳಗೆ ಕೊಟ್ಟಿದ್ದೆ. ನಾಲ್ಕು ಗಂಟೆಗೊಮ್ಮೆ ನೋಡಿ, ಮನೆಯವರ ವಾಟ್ಸಾಪ್ ಗ್ರೂಪಿಗೆ ನಂಬರ್ ಹಾಕಬೇಕು. ತೊಂಬತ್ತೈದರ ಮೇಲಿದ್ದರೆ ಚಿಂತೆಯಿಲ್ಲ ಎಂದಿದ್ದರು.

ನಮ್ಮ ಅತ್ತೆ ಗಿರಿಜಮ್ಮ ಮೈಸೂರಿನಿಂದ ದಿನಕ್ಕೆ ಆರು ಸಲ ಫೋನ್ ಮಾಡುತ್ತಿದ್ದರು. ಅವರ ಮನೆಯಲ್ಲಿ ಅಕ್ಕಿ ಖಾಲಿಯಾಗುವುದಿಲ್ಲ, ಹೆಚ್ಚಾಗುತ್ತದೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ನಾಲಿಗೆಯ ಮೇಲೆ ಕೆಟ್ಟ ಮಾತು ಬರಕೂಡದು.

“ಉಷಾ, ಅಸ್ತು ದೇವತೆಗಳು ಮನೆ ಮೇಲೇ ಓಡಾಡ್ತಿರ್ತಾರೆ. ನಾವೇನಂದ್ರೂ ಅಸ್ತು ಅಂದ್ಬಿಡ್ತಾರೆ. ಅವನ ಬಾಯಲ್ಲಿ ಒಳ್ಳೇದೇ ಬರ್ಲಿ. ಆ ಹಾಳು ಆಟದ್ದೂ ಅಷ್ಟೇ, ಸೋಲು ಗೀಲು ಅಂತ ಬರೀಬೇಡ ಅಂತ ಹೇಳು.”

“ಆಯ್ತು ಅತ್ತೆ. ಚೆನ್ನಾಗಿದಾರೆ ಅತ್ತೆ.” ನಾನೂ ಅದನ್ನೇ ಹೇಳುತ್ತಿದ್ದೆ. ಭಯದಲ್ಲಿದ್ದವರಿಗೆ ಯಾವ ಹಗ್ಗವಾದರೂ ಆದೀತು.

ಗ್ರೂಪಿನಲ್ಲಿ ನಂಬರ್ ಬರುತ್ತಲೇ ಇತ್ತು. ತೊಂಬತ್ತೇಳು. ತೊಂಬತ್ತಾರು. ತೊಂಬತ್ತೇಳು. ಅತ್ತೆ ಪ್ರತಿ ನಂಬರಿಗೂ ಕೈಮುಗಿಯುವ ಚಿತ್ರ ಹಾಕುತ್ತಿದ್ದರು. ಏಳನೇ ದಿನ ಗಾನವಿ ಬಾಗಿಲಿಗೆ ಕಿವಿ ಕೊಟ್ಟು ನಿಂತು, “ಅಮ್ಮಾ, ಹಿ ಈಸ್ ಬ್ರೀದಿಂಗ್ ಫನ್ನಿ” ಎಂದಳು. ನಾನೂ ಕೇಳಿಸಿಕೊಂಡೆ. ಮೆಟ್ಟಿಲು ಹತ್ತಿ ಬಂದವರ ಏದುಸಿರು. ಫೋನ್ ನೋಡಿದೆ, ತೊಂಬತ್ತಾರು. ಕಿವಿಯನ್ನು ಬಿಟ್ಟು ನಂಬರನ್ನು ನಂಬಿದೆ. ಆ ತಪ್ಪು ನನ್ನದು.

ಎಂಟನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಇವರ ಲೇಖನ ಬಂತು. ಕೊನೇ ದಿನಾಂಕ ನಾಳೆ, ತಿದ್ದಿಕೊಡು ಎಂದು. ಹುಷಾರಿಲ್ಲದವರಿಗೆ ಇದೆಲ್ಲ ಯಾಕೆ ಎಂದು ಗೊಣಗುತ್ತ ತೆರೆದೆ. ಮೊದಲ ವಾರ ಗೆಲುವು. ಎರಡನೇ ವಾರ ಗೆಲುವು. ಮೂರು, ನಾಲ್ಕು, ಐದು, ಎಲ್ಲ ಗೆಲುವು. ನನಗೆ ನಗು ಬಂತು, ಸಿಟ್ಟೂ ಬಂತು. ನಲವತ್ತನಾಲ್ಕು ವರ್ಷದ ಗಂಡಸು ಅಮ್ಮನ ಮಾತು ಕೇಳಿಕೊಂಡು ಅಸ್ತು ದೇವತೆಗೆ ಹೆದರಿ, ಆ ಬಡಪಾಯಿ ತಂಡವನ್ನು ಗೆಲ್ಲಿಸುತ್ತಾ ಕೂತಿದ್ದಾರೆ. ಆಫೀಸಿನಲ್ಲಿ ಉಗಿಯುತ್ತಾರೆ ಎಂದುಕೊಂಡು ಕೆಳಗಿನ ಸಾಲುಗಳಿಗೆ ಹೋದೆ.

ಒಂಬತ್ತನೇ ವಾರ. ಅದು ರಜೆಯ ವಾರ. ಮೇ ತಿಂಗಳಿಂದ ಪಂದ್ಯಗಳ ಪಟ್ಟಿ ನಮ್ಮ ಫ್ರಿಜ್ ಬಾಗಿಲ ಮೇಲೆ ಅಂಟಿಕೊಂಡಿದೆ, ಇವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಆ ಸಾಲಿನಲ್ಲೂ ಗೆಲುವು ಎಂದು ಬರೆದಿದ್ದರು. ಎದುರಾಳಿಯ ಹೆಸರಿನ ಜಾಗ ಖಾಲಿ. ಎಷ್ಟಕ್ಕೆಷ್ಟು ಎಂಬ ಅಂಕವನ್ನೂ ಹಾಕಿದ್ದರು.

ಅಮ್ಮನಿಗೆ ಹೆದರುವವರು ಸೋಲನ್ನು ಗೆಲುವು ಮಾಡಬಹುದು. ಆಟವೇ ಇಲ್ಲದ ದಿನ ಆಟ ಆಡಿಸುವವರಿಗೆ ತಲೆ ನೆಟ್ಟಗಿಲ್ಲ. ಮಾಸ್ಕಿನ ಮೇಲೆ ಮಾಸ್ಕ್ ಹಾಕಿ, “ಗಾನವಿ, ನಿನ್ನ ರೂಮಿಗೆ ಹೋಗಿ ಚಿಲಕ ಹಾಕ್ಕೋ” ಎಂದು ಕೂಗಿ, ಬಾಗಿಲು ನೂಕಿ ಒಳಗೆ ಹೋದೆ.

ಕುರ್ಚಿಯಲ್ಲಿ ಕೂತಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ ನಕ್ಕರು. ಆಕ್ಸಿಮೀಟರ್ ಮೇಜಿನ ಮೂಲೆಯಲ್ಲಿತ್ತು. ತೆಗೆದು ಬೆರಳಿಗೆ ಸಿಕ್ಕಿಸಿದೆ. ಎಪ್ಪತ್ತೆಂಟು. ಬೇರೆ ಬೆರಳಿಗೆ ಹಾಕಿದೆ. ಎಪ್ಪತ್ತೇಳು.

“ಮತ್ತೆ ಈ ತೊಂಬತ್ತಾರು ಎಲ್ಲಿಂದ ಬಂತು?”

“ನಿನ್ನೆ ಬೆಳಿಗ್ಗೆ ಎಂಬತ್ತೊಂಬತ್ತು ಬಂತು ಕಣೆ. ಅಮ್ಮ ಗ್ರೂಪಲ್ಲಿ ನೋಡ್ತಾರಲ್ಲ. ಹೆಂಗೂ ಸಂಜೆಗೆ ಏರತ್ತೆ, ಹಿಂದಿನ ಟ್ರೆಂಡ್ ಹಾಗಿತ್ತು. ಅಂದಾಜು ಹಾಕಿ ಬರೆದೆ.”

“ಆಮೇಲೆ ನೋಡಲೇ ಇಲ್ವಾ?”

“ನೋಡಿದ್ರೆ ನೀನು ಆಂಬ್ಯುಲೆನ್ಸ್ ಕರೀತಿದ್ದೆ.”

ಲೆಕ್ಕ ಸಿಗದ ಕಡೆ ಅಂದಾಜು ತುಂಬಿಸಿಕೊಂಡು ಹೋಗುವುದು ಇವರ ಹೊಟ್ಟೆಪಾಡು. ತಮ್ಮ ಉಸಿರಿಗೂ ಅದನ್ನೇ ಮಾಡಿದ್ದರು. ತುರ್ತು ನಂಬರ್ ಒತ್ತಿದೆ. ಆಂಬ್ಯುಲೆನ್ಸ್ ಬರುವವರೆಗೆ ನಲವತ್ತು ನಿಮಿಷ ಇವರನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಕೈ ಇಟ್ಟುಕೊಂಡು, ಒಂದೊಂದೇ ಉಸಿರು ಎಣಿಸಿದೆ. ಪ್ರತಿ ಉಸಿರಿಗೂ ಇದೇ ಕೊನೆಯದೇನೋ ಎನಿಸುತ್ತಿತ್ತು. ಸ್ಟ್ರೆಚರ್ ಲಿಫ್ಟಿನೊಳಗೆ ಹೋಗುವಾಗ ನನ್ನ ದುಪಟ್ಟಾ ಹಿಡಿದುಕೊಂಡರು. ಬೆರಳು ಬಿಡಿಸಿದವಳೂ ನಾನೇ.

ಇವರು ಬದುಕಿದರು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸಿ ನನಗೇನೂ ಆಗಬೇಕಿಲ್ಲ. ನಲವತ್ತೊಂದನೇ ದಿನ, ಅರ್ಧ ಆಗಿ, ಗೋಡೆ ಹಿಡಿದುಕೊಂಡು ಮನೆಗೆ ಬಂದರು. ಆದರೆ ಆಸ್ಪತ್ರೆಗೆ ಸೇರಿದ ಮೂರನೇ ಬೆಳಿಗ್ಗೆ ಅದು ಯಾರಿಗೂ ಗೊತ್ತಿರಲಿಲ್ಲ. ಅವತ್ತು ಡಾಕ್ಟರು ಫೋನ್ ಮಾಡಿದರು. ಗಂಟಲಿಗೆ ಟ್ಯೂಬ್ ಹಾಕಬೇಕು, ಮುಂಚೆ ಎರಡು ನಿಮಿಷ ಮಾತಾಡಿ ಎಂದರು. ಉಳಿಯುತ್ತಾರಾ ಎಂದು ಕೇಳಿದೆ. ಹೇಳೋಕಾಗಲ್ಲ ಎಂದರು.

“ಉಷಾ.” ಆಕ್ಸಿಜನ್ ಮಾಸ್ಕಿನೊಳಗಿನ ಗಾಳಿಯ ಸದ್ದಿನಲ್ಲಿ ದನಿ ಮುಳುಗಿ ಹೋಗುತ್ತಿತ್ತು.

“ಹೇಳಿ.”

“ನನಗೆ ಭಯ ಆಗ್ತಿದೆ ಕಣೆ.”

ಮದುವೆಯಾಗಿ ಹದಿನಾಲ್ಕು ವರ್ಷ, ಇವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಏನೂ ಆಗಲ್ಲ ರೀ, ಎಲ್ಲ ಒಳ್ಳೇದಾಗತ್ತೆ ಎಂಬುದು ನನ್ನ ನಾಲಿಗೆ ತುದಿಯಲ್ಲೇ ಇತ್ತು. ನುಂಗಿಕೊಂಡೆ.

“ನನಗೂ ಭಯ ಆಗ್ತಿದೆ ರೀ. ಕೈಕಾಲೆಲ್ಲ ನಡುಗ್ತಿದೆ, ನಿಂತ್ಕೊಳ್ಳೋಕೂ ಆಗ್ತಿಲ್ಲ.”

“ಹೌದಾ?” ಎಂದರು. “ಸದ್ಯ. ನನಗೊಬ್ಬನಿಗೇ ಅಂದ್ಕೊಂಡಿದ್ದೆ.”

ಆಮೇಲೆ ಯಾರೋ ಅವರ ಕೈಯಿಂದ ಫೋನ್ ತೆಗೆದುಕೊಂಡರು.