‘ಇದಲ್ಲ’ ಎಂದ ಪೈಲಟ್

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ತಂದ ಬಲೂನಿನ ಪೊಟ್ಟಣ ಬಿಡಿಸಿದೆ. ಪೌಡರು ಬೆರೆತ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಊದುವುದನ್ನು ಬಿಟ್ಟು ಹಾಗೇ ಕುಳಿತೆ... ಶಿಕಾರಿಪುರದಲ್ಲಿದ್ದಾಗ ನಮ್ಮ ಎದುರು ಮನೆಯಲ್ಲಿದ್ದ ಪೈಲಟ್ ನೆನಪಾದರು.

ಯುದ್ಧವಿಮಾನ ಹಾರಿಸುತ್ತಿದ್ದವರು, ನಿವೃತ್ತರಾಗಿ ತಂಗಿಯ ಮನೆಯಲ್ಲಿದ್ದರು. ಮಾತು ಕಡಿಮೆ. ಆದರೆ ಒಂದು ಸಂಗತಿಯನ್ನು ಮಾತ್ರ ಕೇಳಿದವರಿಗೆಲ್ಲ ಹೇಳುತ್ತಿದ್ದರು. ಒಮ್ಮೆ ಕಡಲ ಮೇಲೆ ಹಾರುವಾಗ ವಿಮಾನದ ಪಕ್ಕದಲ್ಲೇ ಬೆಳ್ಳನೆಯ ದುಂಡು ವಸ್ತುವೊಂದು ಬಂತಂತೆ. ರೆಕ್ಕೆಯಿಲ್ಲ, ಹೊಗೆಯಿಲ್ಲ. ಇವರು ತಿರುಗಿದರೆ ಅದೂ ತಿರುಗಿತು. ಸ್ವಲ್ಪ ಹೊತ್ತು ಜೊತೆಗಿದ್ದು, ನೆಟ್ಟಗೆ ಮೇಲಕ್ಕೇರಿ ಕಾಣದಾಯಿತು.

“ಹೆದರಿಕೆ ಆಗ್ಲಿಲ್ರೀ. ಕೈ ಮುಗೀಬೇಕು ಅನ್ನಿಸ್ತು. ಆದ್ರೆ ಎರಡೂ ಕೈ ಕೆಲಸದಲ್ಲಿದ್ವು,” ಎನ್ನುತ್ತಿದ್ದರು. ಎಷ್ಟು ಸಲ ಕೇಳಿದರೂ ನನ್ನ ಮೈ ಜುಮ್ಮೆನ್ನುತ್ತಿತ್ತು.

ವಾಯುಪಡೆಯ ಮೇಲಧಿಕಾರಿಗಳು ವಿಚಾರಣೆ ಮಾಡಿ, ಅದು ಹವಾಮಾನ ಅಳೆಯಲು ಹಾರಿಬಿಟ್ಟ ಬಲೂನು ಎಂದು ತೀರ್ಮಾನಿಸಿದ್ದರು. ಇವರು ಒಪ್ಪಿರಲಿಲ್ಲ. ನಮ್ಮ ಬೀದಿಯವರು ಬಿಡುತ್ತಾರೆಯೇ? ‘ಬಲೂನ್ ಪೈಲಟ್’ ಎಂದು ಹೆಸರಿಟ್ಟರು. ಹೋಟೆಲಿನಲ್ಲಿ ಸಿಕ್ಕಾಗಲೆಲ್ಲ “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ರೀ ಸರ್” ಎಂದು ಕಾಲೆಳೆಯುತ್ತಿದ್ದರು. ಪೈಲಟ್ ನಕ್ಕು ಕಾಫಿ ಹೀರುತ್ತಿದ್ದರು. ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದವರು ತಂಗಿ. “ಒಂದ್ಸಲ ಬಲೂನು ಅಂದ್ಬಿಡಣ್ಣ. ನಿನ್ ಗಂಟೇನ್ ಹೋಗತ್ತೆ?” ಎಂದು ಗೋಗರೆಯುತ್ತಿದ್ದರು.

ಒಂದು ಸಂಜೆ ತಾಳಗುಂದದ ಕಡೆಯ ಕುರಿ ಕಾಯುವವರು, ಮೆಕ್ಕೆಜೋಳದ ಹೊಲದಲ್ಲಿ ಬಿದ್ದಿದ್ದ ಹರಿದ ಬಲೂನೊಂದನ್ನು ಹಿಡಿದು, ಆಕಾಶದ ಸಂಗತಿ ಬಲ್ಲವರೆಂದು ಪೈಲಟ್ ಅವರಲ್ಲಿಗೆ ಬಂದರು. ಅದರ ದಾರಕ್ಕೆ ಪುಟ್ಟ ಬಿಳಿ ಪೆಟ್ಟಿಗೆ ಕಟ್ಟಿತ್ತು. ಆಕಾಶದಿಂದ ಇಳಿದದ್ದೆಂದು ಅದಕ್ಕೆ ಆಗಲೇ ಅರಿಶಿನ ಕುಂಕುಮ ಏರಿಯಾಗಿತ್ತು. ಹವಾಮಾನದ ಬಲೂನು ಎಂದು ಪೆಟ್ಟಿಗೆಯ ಮೇಲೆಯೇ ಬರೆದಿತ್ತು. ಬೀದಿಗೆ ಬೀದಿಯೇ ನೆರೆಯಿತು. ಹೌದು, ನಾನು ಕಂಡದ್ದು ಇಂಥದ್ದೇ ಎಂದುಬಿಟ್ಟರೆ ಗೇಲಿಯೆಲ್ಲ ಅಂದಿಗೆ ಮುಗಿಯುತ್ತಿತ್ತು. ತಂಗಿ ಬಾಗಿಲಲ್ಲಿ ಅಣ್ಣನನ್ನೇ ನೋಡುತ್ತಾ ನಿಂತಿದ್ದರು.

ಅವರು ಜಗಲಿಯ ಮೇಲೆ ಕುಳಿತು ರಬ್ಬರನ್ನು ತೊಡೆಯ ಮೇಲೆ ಹರಡಿಕೊಂಡರು. ಎಳೆದು ನೋಡಿದರು, ಮೂಸಿದರು. ಆಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡರು...

“ಪ್ರಮಾಣಿಸಿ ನೋಡಿದೆ,” ಎಂದರು. “ನಾನು ಕಂಡಿದ್ದು ಇದಲ್ಲ.”

ಯಾರೂ ನಗಲಿಲ್ಲ. ಕುರಿಯವರಲ್ಲಿ ಒಬ್ಬ ಮೆಲ್ಲಗೆ ಕೇಳಿದ. “ಹಂಗಾರೆ ಅದು ಏನ್ರೀ ಸಾಹೇಬ್ರ?”

“ಗೊತ್ತಿಲ್ಲಪ್ಪ,” ಎಂದರು. ಅಷ್ಟು ಸಂತೋಷದಿಂದ ‘ಗೊತ್ತಿಲ್ಲ’ ಎಂದವರನ್ನು ನಾನು ಮತ್ತೆ ನೋಡಿಲ್ಲ. ನನಗೂ ಅರಿಯದೆ ತಲೆ ಎತ್ತಿದೆ. ದಿನವೂ ನೋಡುವ ನಮ್ಮ ಬೀದಿಯ ಆಕಾಶ ಅವತ್ತು ತುಂಬಾ ದೊಡ್ಡದಾಗಿ ಕಂಡಿತು.

ಅವರು ತೀರಿಕೊಂಡು ವರ್ಷಗಳಾದವು. ನಾನೀಗ ಸೊರಬದಲ್ಲಿದ್ದೇನೆ. ಹುಟ್ಟುಹಬ್ಬ ಮುಗಿದ ಮೇಲೆ ಮನಸ್ಸು ತಡೆಯದೆ ಶಿಕಾರಿಪುರದ ಬಸ್ಸು ಹತ್ತಿದೆ. ಅವರ ತಂಗಿ ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಾ ಕುಳಿತಿದ್ದರು. ಸಂಜೆಯಾದರೆ ಅಲ್ಲೇ ಇರುತ್ತಾರೆಂದು ಮನೆಯವರು ಹೇಳಿದ್ದರು. ದಿನವೂ ಏನು ನೋಡುತ್ತೀರಿ ಎಂದು ಕೇಳಿದೆ.

“ಅದು ಮತ್ತೆ ಬಂದ್ರೆ, ಹೌದು ಇದೇ ಅನ್ನಕ್ಕೆ ಅಣ್ಣ ಇಲ್ವಲ್ರೀ,” ಎಂದರು. “ನಾನಾದ್ರೂ ನೋಡಿರ್ತೀನಿ.”