ಸೂರ್ಯಪ್ಪನ ಅಣ್ಣ

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಇಡಲು ಜಾಗ ಸಿಗದೆ ಮೇಜಿನ ಮೇಲೆ ತೆರೆದಿದ್ದ ಬಣ್ಣದ ಪುಸ್ತಕವೊಂದರ ಮೇಲೆ ಇಟ್ಟುಬಿಟ್ಟೆ. ಮೊಮ್ಮಗಳು ಕಿರುಚಿದ ರಭಸಕ್ಕೆ ಅರ್ಧ ಕಾಫಿ ನನ್ನ ಪಂಚೆಯ ಪಾಲಾಯಿತು. ಅದು ಹೊಸದಾಗಿ ಶುರುವಾದ ಚಿತ್ರಕತೆಯ ಸರಣಿಯಂತೆ, ಮೊದಲನೆಯ ಸಂಚಿಕೆಯಂತೆ, ಇಡೀ ಚಿಕ್ಕಮಗಳೂರಿನಲ್ಲಿ ಅವಳೊಬ್ಬಳ ಹತ್ತಿರ ಮಾತ್ರ ಇರುವುದಂತೆ. ಹಿಂದಿನ ಸಂಜೆಯೆಲ್ಲ ಅವಳೂ ಪಕ್ಕದ ಮನೆಯ ಗೆಳತಿಯೂ ಜಗಲಿಯಲ್ಲಿ ಕೂತು ಈ ಹೊಸ ವೀರ ಹಳಬನಷ್ಟು ಗಟ್ಟಿಗನೋ ಅಲ್ಲವೋ ಎಂದು ಜಗಳವಾಡಿದ್ದನ್ನು ನಾನೂ ಕೇಳಿದ್ದೆ. ಅಪರಾಧಿಯಂತೆ ಟವೆಲಿನಿಂದ ಕಾಫಿಯ ಉಂಗುರ ಒರೆಸಿದೆ. ಒರೆಸಿದಲ್ಲಿ ಒಂದು ಚಿತ್ರವಿತ್ತು. ಕನ್ನಡಕದ ಬಡಕಲು ಮನುಷ್ಯನೊಬ್ಬ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಮುಂದಿನ ಚಿತ್ರದಲ್ಲಿ ಅದೇ ಬಾಗಿಲಿನಿಂದ ಅಗಲ ಎದೆಯ ಜಟ್ಟಿಯೊಬ್ಬ ಹೊರಗೆ ಬರುತ್ತಾನೆ.

"ಇವನ ತಮ್ಮ ಆಗಿಂದ ಒಳಗೇ ಇದ್ನಾ?" ಎಂದು ಕೇಳಿದೆ.

"ತಮ್ಮ ಯಾರಜ್ಜ?" ಅವಳು ನಕ್ಕಳು. "ಅವ್ನೇ ಇವ್ನು. ಒಳಗೆ ಹೋಗಿ ಬಟ್ಟೆ ಬದಲಾಯಿಸ್ಕೊಂಡು ಬರ್ತಾನೆ. ಈ ತರದ ಪುಸ್ತಕದಲ್ಲೆಲ್ಲ ಹಾಗೇ. ಎಲ್ರಿಗೂ ಗೊತ್ತು."

ಎಲ್ಲರಿಗೂ ಗೊತ್ತಿರುವುದು ನನಗೆ ತಡವಾಗಿ ತಿಳಿಯುವುದು ಹೊಸದೇನಲ್ಲ. ನನ್ನ ಮದುವೆ ನಿಶ್ಚಯವಾದ ಸುದ್ದಿಯೂ ಊರೆಲ್ಲ ಸುತ್ತಿ ಕೊನೆಗೆ ನನ್ನ ಕಿವಿಗೆ ಬಿದ್ದಿತ್ತು. ಆದರೆ ಈ ಮಾತು ಕೇಳಿ ಒರೆಸುವುದನ್ನೇ ಬಿಟ್ಟು ಕೂತೆ. ಯಾಕೆಂದು ಮೊಮ್ಮಗಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಯುದ್ಧದ ಕಾಲ ಅದು. ಮೀಸೆ ಆಗತಾನೇ ಮೂಡಿದ್ದ ನಾನು ಬಾಳೂರಿನ ಹತ್ತಿರ ಬಿಳಿ ದೊರೆಯೊಬ್ಬರ ಎಸ್ಟೇಟಿನಲ್ಲಿ ಎರಡನೇ ರೈಟರಾಗಿದ್ದೆ. ಆಳುಗಳ ಹಾಜರಿ ಬರೆಯುವುದು, ಕಣದಲ್ಲಿ ಒಣಗುವ ಕಾಫಿಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು ಕಾಯುವುದು, ಮೋಡ ಕವಿದರೆ ಎಲ್ಲರಿಗಿಂತ ಮೊದಲು ಕೂಗುವುದು ನನ್ನ ಕೆಲಸ. ಸಂತೆಯ ದಿನ ಮಾತ್ರ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಮೂಡಿಗೆರೆಗೆ ಹೋಗಿ ಎಸ್ಟೇಟಿನ ಸಾಮಾನು ತರಬೇಕಿತ್ತು. ಆ ಬಸ್ಸು ಏರಿನಲ್ಲಿ ನಿಂತರೆ ನಾವೇ ಇಳಿದು ನೂಕಬೇಕು. ನೂಕಿದವರಿಗೂ ಟಿಕೇಟಿನ ದುಡ್ಡು ಮಾತ್ರ ಅಷ್ಟೇ.

ಸಾಮಾನು ಕಟ್ಟಿಸುತ್ತಿದ್ದದ್ದು ರುದ್ರಣ್ಣನವರ ಅಂಗಡಿಯಲ್ಲಿ. ಹಣೆಯ ತುಂಬ ವಿಭೂತಿ, ಮೂಗಿನ ತುದಿಗೆ ಜಾರಿದ ದುಂಡು ಗಾಜಿನ ಕನ್ನಡಕ, ಮೃದುವಾದ ಮಾತು. ಯುದ್ಧದಿಂದಾಗಿ ಕಾಗದಕ್ಕೆ ಬರ. ಜೀರಿಗೆ ಮೆಣಸು ಕಟ್ಟುವ ಪೊಟ್ಟಣಕ್ಕೂ ಹಳೆಯ ಕಾಗದ ಹುಡುಕಬೇಕಾದ ಕಾಲ. ನಮ್ಮ ದೊರೆಯ ಬಂಗಲೆಗೆ ರಜೆಯಲ್ಲಿ ವಿದೇಶಿ ಸೋಲ್ಜರುಗಳು ಬಂದು ತಂಗುತ್ತಿದ್ದರು. ಅವರು ಓದಿ ಬಿಸಾಕಿದ ಪುಸ್ತಕಗಳನ್ನು ಬಟ್ಲರ್ ಅಂತೋಣಿ ಕಟ್ಟಿ ರುದ್ರಣ್ಣನವರಿಗೆ ಪೊಟ್ಟಣ ಮಾಡಲು ಕೊಡುತ್ತಿದ್ದ. ಹಾಗೆ ಬಂದ ಕಟ್ಟೊಂದನ್ನು ಹರಿಯಲು ಹೊರಟವರು ಚಿತ್ರ ನೋಡುತ್ತಾ ಕೈ ತಡೆದರಂತೆ. ಅಂದಿನಿಂದ ಆ ಪುಸ್ತಕಗಳು ಪೊಟ್ಟಣವಾಗಲಿಲ್ಲ, ಗಾದಿಯ ಕೆಳಗೆ ಸೇರಿದವು.

ಅದೂ ಆಗ ಹೊಸ ಸರಣಿಯೇ. ಎರಡನೆಯ ನಂಬರಿನಿಂದ ನಮ್ಮ ಹತ್ತಿರ ಇತ್ತು. ಒಂದನೆಯದರಲ್ಲಿ ಅಂತೋಣಿಯ ಹೆಂಡತಿ ಒಲೆ ಹೊತ್ತಿಸಿದ್ದಳು. ಅದೊಂದು ಉಳಿದಿದ್ದರೆ ಎಂದು ಮೊನ್ನೆಯಿಂದ ಎಷ್ಟು ಸಲ ಅಂದುಕೊಂಡೆನೋ. ವೀರನ ಎದೆಯ ಮೇಲೆ ಸೂರ್ಯನ ಗುರುತು ಇದ್ದುದರಿಂದ ನಾವು ಅವನನ್ನು ಸೂರ್ಯಪ್ಪ ಎಂದೆವು. ಕತೆಯಲ್ಲಿ ಇನ್ನೊಬ್ಬನಿದ್ದ. ಯಾವುದೋ ಆಫೀಸಿನ ಗುಮಾಸ್ತ, ಕನ್ನಡಕದವನು, ಎಲ್ಲರಿಂದ ಬೈಸಿಕೊಳ್ಳುವವನು. ಅಪಾಯ ಬಂದಾಗ ಇವನು ಓಡಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಒಳಗಿನಿಂದ ಸೂರ್ಯಪ್ಪ ಹಾರಿ ಬರುತ್ತಾನೆ. ಇಬ್ಬರ ಮೂಗು ಒಂದೇ, ಗದ್ದ ಒಂದೇ. ಅಣ್ಣತಮ್ಮಂದಿರು ಎನ್ನಲು ಇನ್ನೇನು ಬೇಕು? ಹಾಗೆಂದು ಮೊದಲು ಹೇಳಿದವರು ರುದ್ರಣ್ಣನವರೇ. ನಾವೆಲ್ಲ ಹೌದೆಂದೆವು. ನನ್ನ ಇಂಗ್ಲಿಷು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಬಾಗಿಲಲ್ಲೇ ಮುಗಿಯುತ್ತಿತ್ತು. ಸೋಲ್ಜರುಗಳ ಆಡುಮಾತು ನನಗೆಲ್ಲಿ ಗೊತ್ತಾಗಬೇಕು? ಇನ್ನು ದೊರೆಯನ್ನು ಕೇಳೋಣವೆಂದರೆ, ರೈಟರೊಬ್ಬ ಬಂಗಲೆಗೆ ಹೋಗಿ ಬೊಂಬೆ ಪುಸ್ತಕದ ಅರ್ಥ ಕೇಳುವುದು ಆ ಕಾಲದಲ್ಲಿ ಕನಸಿನಲ್ಲೂ ಆಗದ ಮಾತು.

ಸಂತೆಯ ಗದ್ದಲ ಇಳಿದ ಮೇಲೆ ಅಂಗಡಿಯ ಮುಂದೆ ನಮ್ಮ ಸಭೆ ಕೂಡುತ್ತಿತ್ತು. ಜಗಲಿಯಲ್ಲಿ ಮಿಷನ್ ಹಾಕಿಕೊಂಡಿದ್ದ ಟೈಲರ್ ಸುಬ್ಬಣ್ಣನಿಗೆ ಕತೆ ಬೇಕಿರಲಿಲ್ಲ, ಅಂಗಿ ಬೇಕಿತ್ತು. "ಗುಂಡಿ ಇಲ್ಲ, ಲಾಡಿ ಇಲ್ಲ. ಇದ್ನ ಹಾಕ್ಕೊಳ್ಳೋದು ಹ್ಯಾಗೆ, ಬಿಚ್ಚೋದು ಹ್ಯಾಗೆ? ಹೊಲ್ದೋನು ಮೈಮೇಲೇ ಹೊಲ್ದಿರ್ಬೇಕು" ಎಂದು ಪ್ರತಿ ಸಂಚಿಕೆಗೂ ಹೇಳುವನು. ಅಂತೋಣಿಗೆ ಸೂರ್ಯಪ್ಪನೇ ಹಿಡಿಸಿರಲಿಲ್ಲ. ಅದೇ ಕಟ್ಟಿನಲ್ಲಿ ಬಂದಿದ್ದ ಇನ್ನೊಂದು ಸರಣಿಯ, ಅಂಗೈಯಲ್ಲಿ ಬೆಂಕಿ ಹೊತ್ತಿಸುವ ವೀರನೇ ಅವನಿಗೆ ದೊಡ್ಡವನು. "ಬೆಂಕಿಪೊಟ್ಟಣ ಸಿಗದ ಕಾಲದಲ್ಲಿ ಅವನಂಥೋನು ಅಡಿಗೆಮನೇಲಿ ಒಬ್ಬ ಇದ್ರೆ ಸಾಕು ಮಾರಾಯ. ನಿಮ್ಮ ಸೂರ್ಯಪ್ಪನ್ನ ಕಟ್ಕೊಂಡು ಏನ್ಮಾಡ್ಲಿ?" ಎನ್ನುವನು. ನನ್ನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಆದರೂ ಹೇಳುತ್ತಿದ್ದೆ.

ರುದ್ರಣ್ಣನವರು ಮಾತ್ರ ಸೂರ್ಯಪ್ಪನ ಬಲದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅವರ ಕಣ್ಣೆಲ್ಲ ಆ ಬಾಗಿಲಿನ ಮೇಲೆ. ಒಂದು ಚಿತ್ರದಲ್ಲಿ ಗುಮಾಸ್ತನ ಕೋಟು ಕೋಣೆಯ ನೆಲದ ಮೇಲೆ ಬಿದ್ದಿತ್ತು. ಅದನ್ನು ಬೆರಳಿನಿಂದ ಮುಟ್ಟಿ ಹೇಳಿದರು, "ನೋಡು, ಚಳಿ ಇದೆ ಹಾಕ್ಕೊಂಡು ಹೋಗು ಅಂತ ಅಣ್ಣ ತನ್ನ ಕೋಟು ಬಿಚ್ಚಿ ಕೊಟ್ಟಿದಾನೆ. ಅವ್ನು ಬೇಡ ಅಂತ ಎಸ್ದು ಹೋಗಿದಾನೆ. ಊರೋರ್ನೆಲ್ಲ ಕಾಯ್ತಾನೆ, ಅಣ್ಣನ್ನ ಒಂದು ಮಾತು ಆಡಿಸಲ್ಲ."

ಯಾರೂ ನಗಲಿಲ್ಲ. ಅವರು ಯಾರ ವಿಷಯ ಹೇಳುತ್ತಿದ್ದಾರೆಂದು ಮೂಡಿಗೆರೆಗೆಲ್ಲ ಗೊತ್ತಿತ್ತು. ಅವರ ಒಬ್ಬನೇ ತಮ್ಮ ಚೆನ್ನಪ್ಪನವರು ಬಾಳೂರಿನಲ್ಲಿ ಸಣ್ಣದೊಂದು ಕಾಫಿ ತೋಟ ಮಾಡಿಕೊಂಡಿದ್ದರು. ನಮ್ಮ ಎಸ್ಟೇಟಿಗೂ ಅವರ ತೋಟಕ್ಕೂ ನಡುವೆ ಒಂದು ಹಳ್ಳ ಮಾತ್ರ. ತಾಯಿಯ ವರ್ಷದ ಎಡೆಯ ದಿನ ಚೆನ್ನಪ್ಪನವರ ಗಾಡಿಯ ಅಚ್ಚು ದಾರಿಯಲ್ಲಿ ಮುರಿಯಿತು. ಅಣ್ಣ ಮಧ್ಯಾಹ್ನದವರೆಗೂ ಕಾದರು. ಜಂಗಮರು ಹಸಿದಿದ್ದಾರೆ, ಎಡೆ ಇಡಿ ಎಂದು ಹಿರಿಯರು ಹೇಳಿದ ಮೇಲೆ ಇಟ್ಟರು. ಚೆನ್ನಪ್ಪನವರು ತಲೆಯ ಮೇಲೆ ಬಾಳೆಗೊನೆ ಹೊತ್ತು ಬಂದಾಗ ಹಿತ್ತಲಲ್ಲಿ ಉಂಡ ಎಲೆಗಳು ಬಿದ್ದಿದ್ದವು. ಗೊನೆಯನ್ನು ಜಗಲಿಯಲ್ಲಿ ಇಳಿಸಿ, ಒಂದು ಲೋಟ ನೀರೂ ಕುಡಿಯದೆ ತಿರುಗಿ ಹೋದರು. ಕಾಯಬೇಕಿತ್ತು ಎಂಬುದು ತಮ್ಮನ ಹಟ. ಕಾದದ್ದು ಅವನಿಗೆ ಕಾಣಲಿಲ್ಲವಲ್ಲ ಎಂಬುದು ಅಣ್ಣನ ನೋವು. ಅಂದಿನಿಂದ ಮಾತಿಲ್ಲ. ಅಣ್ಣ ಸಂತೆಯಲ್ಲಿದ್ದರೆ ತಮ್ಮ ಬರುವುದಿಲ್ಲ, ತಮ್ಮ ಇರುವ ಮದುವೆಗೆ ಅಣ್ಣ ಹೋಗುವುದಿಲ್ಲ. ಇಬ್ಬರನ್ನೂ ಒಂದೇ ಕಡೆ ನೋಡಿದ್ದೇ ನನಗೆ ನೆನಪಿಲ್ಲ.

ನಾನು ಪುಸ್ತಕಗಳನ್ನು ಎಸ್ಟೇಟಿಗೆ ಒಯ್ದು ಮುಂದಿನ ಸಂತೆಗೆ ತರುತ್ತಿದ್ದೆ. ಒಯ್ಯಲು ಕೊಡುವಾಗ ರುದ್ರಣ್ಣನವರು ತಕ್ಕಡಿಯ ಕಡೆ ನೋಡುತ್ತಾ, "ಅಲ್ಲಿ ಯಾರ್‍ಯಾರೋ ನೋಡ್ತಾರೇನೋ" ಎನ್ನುವರು. ನೋಡುತ್ತಿದ್ದರು. ಚೆನ್ನಪ್ಪನವರು ಹಳ್ಳ ದಾಟಿ ನಮ್ಮ ಕಣಕ್ಕೆ ಬಂದು, ಒಣಗುತ್ತಿದ್ದ ಪಾರ್ಚ್‌ಮೆಂಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಪುಟ ತಿರುವುತ್ತಿದ್ದರು. ಅಂಗಡಿಯಲ್ಲಿ ಏನು ಮಾತಾಯಿತೆಂದು ಕೇಳುತ್ತಿರಲಿಲ್ಲ. ನಾನೇ ಹೇಳುತ್ತಿದ್ದೆ. ಕೋಟಿನ ಮಾತು ಕೇಳಿ ಆ ಪುಟವನ್ನೇ ಮತ್ತೆ ತಿರುವಿ ನೋಡಿದರು.

"ಅದು ಹಾಗಲ್ಲ ಮಾರಾಯ" ಎಂದರು ಆಮೇಲೆ. "ಸರಿಯಾಗಿ ನೋಡು. ಆ ಅಣ್ಣ ಒಳಗೆ ಹೋಗಿ ಕರೆದ ತಕ್ಷಣ ತಮ್ಮ ಬರ್ತಾನೋ ಇಲ್ವೋ? ಒಂದು ಸಲನಾದ್ರೂ ಬರಲ್ಲ ಅಂದಿದಾನಾ? ಕರೀಬೇಕು. ಕರೆದ್ರೆ ಬರ್ತಾನೆ."

ಇದನ್ನು ಮುಂದಿನ ಸಂತೆಗೆ ರುದ್ರಣ್ಣನವರಿಗೆ ಮುಟ್ಟಿಸಿದೆ. ಯಾರು ಹೇಳಿದರೆಂದು ಅವರು ಕೇಳಲಿಲ್ಲ. "ಕರೀದೇ ಇದ್ರೆ ಬರಬಾರ್ದು ಅಂತ ಇದೆಯಾ? ಸೇತುವೆ ಮುರಿದ್ರೆ ಯಾರೂ ಕರೀದೇ ಹೋಗ್ತಾನಲ್ಲ. ಅಣ್ಣನ ಮನೆಗೆ ಮಾತ್ರ ಕರೆಯೋಲೆ ಬೇಕಾ?" ಎಂದರು. ಅದನ್ನು ಹೊತ್ತು ಬಾಳೂರಿಗೆ ಹೋದೆ. ಹೀಗೆ ಸಂಚಿಕೆಯಿಂದ ಸಂಚಿಕೆಗೆ ನಡೆಯಿತು. ಎಡೆಯ ಬಗ್ಗೆ, ಅಚ್ಚಿನ ಬಗ್ಗೆ, ತಾಯಿಯ ಬಗ್ಗೆ ಇಬ್ಬರೂ ತುಟಿ ಎರಡು ಮಾಡಲಿಲ್ಲ. ಆಡಿದ್ದೆಲ್ಲ ಸೂರ್ಯಪ್ಪನ ಮತ್ತು ಅವನ ಅಣ್ಣನ ಮಾತು. ಆದರೂ ಒಮ್ಮೆ ರುದ್ರಣ್ಣನವರು ಒಂದು ಉಂಡೆ ಬೆಲ್ಲವನ್ನು ಪುಸ್ತಕದ ಜೊತೆ ಕಟ್ಟಿ, "ಓದೋರಿಗೆ ಬಾಯಿ ಒಣಗತ್ತೆ" ಎಂದು ಕೊಟ್ಟರು. ಮರಳಿ ಬರುವಾಗ ಪುಸ್ತಕದ ಜೊತೆ ಏಲಕ್ಕಿ ಇತ್ತು. ನನಗೆ ಆಗ ಎಷ್ಟು ಸಂತೋಷವಾಗಿತ್ತೆಂದರೆ ಬಸ್ಸು ನೂಕುವಾಗಲೂ ಹಾಡುತ್ತಿದ್ದೆ.

ಕೊನೆಗೆ ನಮ್ಮ ಕೈಗೆ ಬಂದ ಸಂಚಿಕೆಯ ಕೊನೆಯ ಚಿತ್ರದಲ್ಲಿ ಗುಮಾಸ್ತ ಮುಚ್ಚಿದ ಬಾಗಿಲಿನ ಮುಂದೆ ಅಗುಳಿಯ ಮೇಲೆ ಕೈ ಇಟ್ಟು ನಿಂತಿದ್ದಾನೆ. ಮುಂದೇನೆಂಬುದು ಮುಂದಿನ ನಂಬರಿನಲ್ಲಿ. ಅದನ್ನು ನೋಡಿ ರುದ್ರಣ್ಣನವರು ನಗುತ್ತಾ, ಆದರೆ ಕಣ್ಣಿನಲ್ಲಿ ನಗದೆ, ಹೇಳಿದರು, "ಇನ್ನೊಂದು ನಂಬರ್ ಬರ್ಲಿ. ಇವ್ರಿಬ್ರೂ ಒಟ್ಟಿಗೆ ಕೂತು ಉಣ್ಣೋ ಚಿತ್ರ ಬಂದ್ರೆ ನಾನೇ ಬಾಳೂರಿಗೆ ಹೊರಡ್ತೀನಿ. ಸುಬ್ಬಣ್ಣ, ನೀನೇ ಸಾಕ್ಷಿ."

ಕಣದಲ್ಲಿ ನನ್ನಿಂದ ಆ ಮಾತು ಕೇಳಿದ ಚೆನ್ನಪ್ಪನವರು ಎದ್ದು ನಿಂತೇಬಿಟ್ಟರು. "ಹಾಗಂದ್ರಾ?" ಎಂದು ಮತ್ತೆ ಮತ್ತೆ ಕೇಳಿದರು. ಈಗಲೇ ಹೊರಡುತ್ತಾರೇನೋ ಎಂದು ನಾನು ಕೈಯಲ್ಲಿದ್ದ ಬೀಜ ಹರಡುವ ಹಲಗೆ ಕೆಳಗಿಟ್ಟೆ. ಆದರೆ ಮತ್ತೆ ಕೂತರು. "ಇರ್ಲಿ. ಪುಸ್ತಕದಲ್ಲಿ ಬರ್ಲಿ. ಆಮೇಲೆ ಅಣ್ಣ ಬಂದೇ ಬರ್ತಾರಲ್ಲ. ನಾನು ಹೋಗಿ ಅವ್ರ ಮಾತು ಕೆಡಿಸೋದು ಯಾಕೆ?"

ಪುಸ್ತಕ ಬರಲಿಲ್ಲ. ಯುದ್ಧ ನಿಂತಿತು, ಸೋಲ್ಜರುಗಳು ಬರುವುದು ನಿಂತಿತು. ದೊರೆಯೂ ಎಸ್ಟೇಟು ಮಾರುವ ಮಾತಿನಲ್ಲಿದ್ದರು. ಅಂತೋಣಿ ಬಂಗಲೆಯ ಗೋದಾಮು, ಅಟ್ಟ, ಕುದುರೆ ಲಾಯ ಎಲ್ಲ ಹುಡುಕಿದ. ಸಂತೆಯ ದಿನ ನಾನು ಬಸ್ಸಿಳಿದರೆ ರುದ್ರಣ್ಣನವರು ಗಿರಾಕಿಗಳ ತಲೆಯ ಮೇಲಿಂದ ಹುಬ್ಬೆತ್ತಿ ಕೇಳುವರು. ನಾನು ಕೈ ಆಡಿಸುವೆ. ಬಾಳೂರಿಗೆ ಮರಳಿದರೆ ಹಳ್ಳದ ಆಚೆಯಿಂದ ಚೆನ್ನಪ್ಪನವರದೂ ಅದೇ ಹುಬ್ಬು. ಮುಂದಿನ ನಂಬರಿಗಾಗಿ ಇಷ್ಟು ಕಾದ ಓದುಗರು ಆ ಪುಸ್ತಕ ಅಚ್ಚಾದ ದೇಶದಲ್ಲಾದರೂ ಇದ್ದರೋ ಇಲ್ಲವೋ.

ಮುಂದಿನ ಮಳೆಗಾಲದಲ್ಲಿ ರುದ್ರಣ್ಣನವರಿಗೆ ಚಳಿಜ್ವರ ಹಿಡಿಯಿತು. ಮಲೆನಾಡಿನಲ್ಲಿ ಆಗ ಚಳಿಜ್ವರ ಬರದವರೇ ಇರಲಿಲ್ಲ. ಹಾಗಾಗಿ ಯಾರೂ ಹೆದರಲಿಲ್ಲ, ಬಾಳೂರಿಗೂ ಹೇಳಿಕಳಿಸಲಿಲ್ಲ. ಹೆದರಬೇಕೆಂದು ತಿಳಿದಾಗ ಹೊಳೆ ತುಂಬಿ ದಾರಿ ಕಟ್ಟಿತ್ತು. ಚೆನ್ನಪ್ಪನವರು ಬಂದು ತಲುಪಿದಾಗ ಮಣ್ಣು ಮಾಡಿ ಆಗಿತ್ತು. ಈ ಸಲವೂ ತಡವಾಯಿತು. ಈ ಸಲವೂ ಹಿರಿಯರು ಇನ್ನು ಕಾಯಬಾರದು ಎಂದಿದ್ದರು.

ಅವರು ಅಳಲಿಲ್ಲ. ಅಂಗಡಿಯ ಒಳಗೆ ಹೋಗಿ ಅಣ್ಣನ ಗಾದಿಯ ಅಂಚಿನಲ್ಲಿ ಕೂತರು. ಕೆಳಗೆ ಕೈ ಹಾಕಿ ಆ ಕೊನೆಯ ಸಂಚಿಕೆಯನ್ನು ತೆಗೆದರು. ಮಬ್ಬು ಬೆಳಕಿನಲ್ಲಿ ಚಿತ್ರ ಕಾಣಲಿಲ್ಲವೇನೋ, ಪಕ್ಕದಲ್ಲಿದ್ದ ಅಣ್ಣನ ಕನ್ನಡಕ ಎತ್ತಿ ಹಾಕಿಕೊಂಡರು. ಜಗಲಿಯಲ್ಲಿದ್ದ ಸುಬ್ಬಣ್ಣನೂ ನಾನೂ ಎದ್ದು ನಿಂತೆವು. ಅದೇ ಮೂಗು, ಅದೇ ಗದ್ದ, ತುದಿಗೆ ಜಾರಿದ ಅದೇ ದುಂಡು ಗಾಜು. ಒಳಬಾಗಿಲಿಗೆ ಬಂದ ರುದ್ರಣ್ಣನವರ ಹೆಂಡತಿ ಗೌರಮ್ಮನವರು ತಲೆ ತಗ್ಗಿಸಿಕೊಂಡೇ, ಎಷ್ಟೋ ವರ್ಷಗಳ ಅಭ್ಯಾಸದಲ್ಲಿ, "ಹೊತ್ತಾಯ್ತು, ಉಣ್ಣಕ್ಕೇಳಿ" ಎಂದರು. ಎಂದವರು ತಲೆ ಎತ್ತಿ ನೋಡಿ, ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದರು. ಚೆನ್ನಪ್ಪನವರು ಆಗ ಅತ್ತರು. ಕನ್ನಡಕ ತೆಗೆಯದೆಯೇ ಅತ್ತರು.

ಆ ಪುಸ್ತಕದ ಗುಟ್ಟು ಅವತ್ತು ನಮ್ಮ ಕಣ್ಣೆದುರಿಗೇ ಬಂದು ಕೂತಿತ್ತು. ನಾವು ಅದನ್ನು ದುಃಖ ಎಂದುಕೊಂಡೆವು, ಅಷ್ಟೇ. ಗುಮಾಸ್ತನೂ ಸೂರ್ಯಪ್ಪನೂ ಒಂದೆಡೆ ಕೂತು ಉಣ್ಣುವ ಚಿತ್ರ ಯಾವ ನಂಬರಿನಲ್ಲೂ ಬರುವಂತಿರಲಿಲ್ಲ ಎಂಬುದು ಮೊನ್ನೆಯವರೆಗೆ ನನಗೆ ತಿಳಿಯಲಿಲ್ಲ. ಬಾರದ ಚಿತ್ರಕ್ಕೆ ಕಾಯುತ್ತಾ ಇಬ್ಬರು ಒಳ್ಳೆಯ ಮನುಷ್ಯರು ಒಂದು ದಿನದ ದಾರಿಯನ್ನು ನಡೆಯದೆ ಹೋದರು. ಆಗ ಯಾರಾದರೂ ಒಬ್ಬ ಓದು ಬಲ್ಲವನು ಅಂಗಡಿಗೆ ಬಂದು ಅವನೇ ಇವನು ಎಂದಿದ್ದರೆ? ರುದ್ರಣ್ಣನವರು ಮೊದಲು ನಂಬುತ್ತಿರಲಿಲ್ಲ. ಆಮೇಲೆ ಸುಬ್ಬಣ್ಣನ ಕಡೆ ನೋಡಿ ನಗುತ್ತಿದ್ದರು. ಆಮೇಲೆ, ನನಗೆ ಗೊತ್ತು, ಚಪ್ಪಲಿ ಮೆಟ್ಟುತ್ತಿದ್ದರು.

"ಅಜ್ಜ, ಕಾಫಿ ಆರೋಯ್ತು" ಎಂದಳು ಮೊಮ್ಮಗಳು. ಅವಳ ಸಿಟ್ಟು ಇಳಿದಿತ್ತು. ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು, ಗೆಳತಿಯ ಜೊತೆಗಿನ ಜಗಳಕ್ಕೆ ನನ್ನನ್ನು ತೀರ್ಪುಗಾರನನ್ನಾಗಿ ಮಾಡಿದಳು. "ನೀನೂ ಚಿಕ್ಕೋನಿದ್ದಾಗ ಇಂಥದ್ದು ಓದ್ತಿದ್ದೆ ಅಲ್ವಾ? ನಿಜ ಹೇಳು, ಯಾವ್ದು ಚೆನ್ನಾಗಿದೆ? ನಿಮ್ಮ ಕಾಲದ್ದಾ, ನಮ್ದಾ?"

"ನಿಮ್ದೇ ಚೆನ್ನಾಗಿದೆ" ಎಂದೆ.

"ಯಾಕೆ?"

ಕಾಫಿಯ ಉಂಗುರ ಆ ಮುಚ್ಚಿದ ಬಾಗಿಲಿನ ಮೇಲೆ ಇನ್ನೂ ಕಾಣುತ್ತಿತ್ತು. ಎಷ್ಟು ಒರೆಸಿದರೂ ಹೋಗಿರಲಿಲ್ಲ.

"ನಿಮ್ದ್ರಲ್ಲಿ ಇರೋದು ಒಬ್ಬನೇ, ಮಗು. ನಮ್ದ್ರಲ್ಲಿ ಇಬ್ರಿದ್ರು."